ಗನ್ನಿನಿಂದ ಲ್ಯಾಕರ್ ಜೊತೆ ನೀರೂ ಬಂದರೆ

ಪ್ರಶ್ನೆ: ಮನೆ ಹಿಂದಿನ ಶೆಡ್ಡಿನಲ್ಲಿ ಹವ್ಯಾಸಕ್ಕೆಂದು ಮರಗೆಲಸ ಮಾಡುತ್ತೇನೆ. 2 ಎಚ್‌ಪಿ ಕಂಪ್ರೆಸರ್ ಇದೆ. ಮಳೆಗಾಲದಲ್ಲಿ ಸ್ಟೂಲು, ಕುರ್ಚಿಗಳಿಗೆ ಲ್ಯಾಕರ್ ಹೊಡೆಯುವಾಗ ಗನ್ನಿನಿಂದ ನೀರು ಸಿಡಿಯುತ್ತದೆ. ಟ್ಯಾಂಕಿನ ಬಾಯಿಗೇ ಫಿಲ್ಟರ್ ಹಾಕಿಸಿದ್ದೇನೆ, ಆದರೆ ಅದರ ಬಟ್ಟಲು ಸದಾ ಒಣಗಿಯೇ ಇರುತ್ತದೆ. ಏರ್ ಡ್ರೈಯರ್ ಕೊಳ್ಳಲೇಬೇಕೆ?
– ಓದುಗರೊಬ್ಬರು, ಪುತ್ತೂರು

ಉತ್ತರ: ಬೇಡ. ನಿಮ್ಮ ಫಿಲ್ಟರ್ ಕೆಟ್ಟಿಲ್ಲ, ಅದನ್ನು ಕೂರಿಸಿದ ಜಾಗ ಸರಿಯಿಲ್ಲ. ಈ ಬಗೆಯ ಫಿಲ್ಟರು ಗಾಳಿಯನ್ನು ಗಿರಗಿರನೆ ಸುತ್ತಿಸಿ, ಅದರಲ್ಲಿರುವ ಹನಿಗಳನ್ನು ಬಟ್ಟಲಿನ ಗೋಡೆಗೆ ಎಸೆದು ಕೆಳಗಿಳಿಸುತ್ತದೆ. ಇನ್ನೂ ಆವಿಯಾಗಿಯೇ ಇರುವ ನೀರು ಅದರ ಕೈಗೆ ಸಿಗುವುದಿಲ್ಲ. ಪಂಪಿನಿಂದ ಹೊರಡುವ ಗಾಳಿಯ ಬಿಸಿ ಸಾಮಾನ್ಯವಾಗಿ 100 ಡಿಗ್ರಿ ದಾಟಿರುತ್ತದೆ. ಸಣ್ಣ ಟ್ಯಾಂಕು, ಬಿಡುವಿಲ್ಲದ ಕೆಲಸ. ಹಾಗಾಗಿ ಅದು ಆರುವ ಮೊದಲೇ ಫಿಲ್ಟರ್ ದಾಟಿ ಹೋಗುತ್ತದೆ. ಆಮೇಲೆ ಹೋಸಿನುದ್ದಕ್ಕೂ ತಣಿಯುತ್ತಾ ಹನಿಗಟ್ಟಿ, ಗನ್ನಿನ ಬಾಯಲ್ಲಿ ಸಿಡಿಯುತ್ತದೆ.

ನೀರು ಎಷ್ಟೆಂದು ಒಮ್ಮೆ ಲೆಕ್ಕ ಹಾಕೋಣ. ನಿಮ್ಮೂರಿನ ಆಷಾಢದ ಗಾಳಿ 28 ಡಿಗ್ರಿ, ತೇವಾಂಶ ಶೇ. 90 ಎಂದುಕೊಂಡರೆ ಪ್ರತಿ ಘನ ಮೀಟರಿನಲ್ಲಿ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. ಮೀಟರಿನಲ್ಲಿ 7 ಬಾರ್ ತೋರಿಸುವಾಗ ಎಂಟು ಘನ ಮೀಟರ್ ಗಾಳಿ ಒಂದಕ್ಕೆ ಕುಗ್ಗಿರುತ್ತದೆ. ಒಳಬಂದ ನೀರು 190 ಗ್ರಾಂ ಮೇಲೆ. ಆದರೆ 28 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗ, ಒತ್ತಡ ಎಷ್ಟೇ ಇರಲಿ, ಆವಿಯಾಗಿ ಹಿಡಿದಿಡುವುದು 27 ಗ್ರಾಮಷ್ಟೇ. ಉಳಿದ 160–170 ಗ್ರಾಂ ಎಲ್ಲೋ ಒಂದು ಕಡೆ ನೀರಾಗಿ ಇಳಿಯಲೇಬೇಕು. ನಿಮಿಷಕ್ಕೆ 200 ಲೀಟರ್ ಎಳೆಯುವ ಕಂಪ್ರೆಸರಿಗೆ ಇದು ನಲವತ್ತು ನಿಮಿಷದ ಕೆಲಸ. ಅದು ಎಲ್ಲಿ ಇಳಿಯಬೇಕೆಂಬುದನ್ನು ನೀವು ನಿರ್ಧರಿಸಬಹುದು.

ಮೊದಲು ತಣಿಸಿ, ಆಮೇಲೆ ಸೋಸಿ. ಎಸಿ ರಿಪೇರಿಯವರ ಬಳಿ ಸಿಗುವ ಅರ್ಧ ಇಂಚಿನ ತಾಮ್ರದ ಪೈಪು 15 ಮೀಟರಿನಷ್ಟು ತಂದು, ಸುರುಳಿ ಸುತ್ತಿ, ನೀರು ತುಂಬಿದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿಡಿ. ಟ್ಯಾಂಕಿನ ಗಾಳಿ ಮೇಲಿನಿಂದ ಹೊಕ್ಕು, ಡ್ರಮ್ಮಿನ ತಳದಲ್ಲಿ ಕೊರೆದು ವಾಷರ್ ಹಾಕಿದ ತೂತಿನಿಂದ ಹೊರಬರಲಿ. ನಡುವೆ ಎಲ್ಲೂ ಪೈಪು ಮೇಲೇರಬಾರದು. ಅದರ ತುದಿಗೆ ಫಿಲ್ಟರ್, ಫಿಲ್ಟರಿನ ನಂತರ ರೆಗ್ಯುಲೇಟರ್. ಈ ಕ್ರಮ ತಪ್ಪಿಸಬೇಡಿ. ಹೆಚ್ಚು ಒತ್ತಡವಿರುವ ಕಡೆ ನೀರು ಹೆಚ್ಚು ಇಳಿಯುತ್ತದೆ. ಅಲ್ಲಿ ಅದನ್ನು ತೆಗೆದು, ಗನ್ನಿಗೆ ಬೇಕಾದ 2 ಬಾರ್‌ಗೆ ಇಳಿಸಿದರೆ ಅದೇ ಗಾಳಿಯ ತೇವಾಂಶ ಶೇ. 100ರಿಂದ 40ಕ್ಕಿಂತ ಕೆಳಗೆ ಬೀಳುತ್ತದೆ. ಬಾವಿನೀರು ಸಾಕು. ಮುಖ್ಯವಾದ ಕೆಲಸವಿದ್ದ ದಿನ ಡ್ರಮ್ಮಿಗೆ ಒಂದಿಷ್ಟು ಐಸ್ ಸುರಿದರೆ ಗಾಳಿ ಇನ್ನೂ ಒಣಗುತ್ತದೆ.

ತೋಟದ ಪಂಪ್‌ಸೆಟ್ಟಿಗೆ ತಂದು ಉಳಿದ ಪಿವಿಸಿ ಪೈಪು ಮೂಲೆಯಲ್ಲಿ ಇದ್ದೇ ಇರುತ್ತದೆ. ಗಾಳಿಗೆ ಅದನ್ನು ಮುಟ್ಟಬೇಡಿ. ಪೈಪಿನ ಮೇಲೆ ಅಚ್ಚು ಹಾಕಿದ ಒತ್ತಡ ನೀರಿಗೆ ಹೇಳಿದ್ದು. ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರುಗಳು ಶೆಡ್ಡಿನ ತುಂಬ ಹಾರುತ್ತವೆ. ಗೋಡೆಗುಂಟ ಲೈನ್ ಎಳೆಯುವುದಾದರೆ ಜಿಐ ಅಥವಾ ತಾಮ್ರದಲ್ಲಿ ಎಳೆಸಿ.

ಸಿಲಿಕಾ ಜೆಲ್ ಹಾಕಬಹುದೇ ಎಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ. ಹಾಕಬಹುದು, ಆದರೆ ಫಿಲ್ಟರಿನ ನಂತರ. ನೇರ ಟ್ಯಾಂಕಿನ ಬಾಯಿಗೆ ಕೊಟ್ಟರೆ ನೀರು ಕುಡಿದು ಬೇಗ ಸೋಲುತ್ತದೆ. ಬಣ್ಣ ಬದಲಾದಾಗ 110–120 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ಬಳಸಬಹುದು. ನೀಲಿ ಹರಳುಗಳಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ಗಾಳಿಯನ್ನು 3 ಡಿಗ್ರಿಯವರೆಗೂ ತಣಿಸುವ ಡ್ರೈಯರ್ ಯಂತ್ರ ದಿನವಿಡೀ ಕಾರಿಗೆ ಪೇಂಟ್ ಹೊಡೆಯುವವರಿಗೆ ಇರಲಿ.

ಇಷ್ಟಾದ ಮೇಲೂ ಲ್ಯಾಕರ್ ಮೇಲೆ ಬೂದುಬಿಳಿ ಮಂಜು ಕವಿದರೆ ಕಂಪ್ರೆಸರನ್ನು ಬೈಯಬೇಡಿ. ಥಿನ್ನರ್ ಆರುವಾಗ ಮರದ ಮೇಲ್ಮೈ ತಣ್ಣಗಾಗುತ್ತದೆ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವಂತೆ ಶೆಡ್ಡಿನ ತೇವ ಬಂದು ಅದರ ಮೇಲೆ ಕೂರುತ್ತದೆ. ಎರಡನ್ನೂ ಬೇರೆ ಮಾಡಿ ನೋಡಲು ಸುಲಭ ದಾರಿ ಇದೆ: ಗನ್ನಿನಿಂದ ಲ್ಯಾಕರ್ ಬಿಡದೆ, ಬರೀ ಗಾಳಿಯನ್ನು ಹತ್ತು ನಿಮಿಷ ಕನ್ನಡಿಯ ಮೇಲೆ ಹಾಯಿಸಿ. ಹನಿ ಬಿದ್ದರೆ ಲೈನಿನ ದೋಷ. ಕನ್ನಡಿ ಒಣಗಿದ್ದರೆ ನಿಧಾನ ಆರುವ ರಿಟಾರ್ಡರ್ ಥಿನ್ನರ್ ಬೆರೆಸಿ, ಇಲ್ಲವೇ ಮಳೆ ಬಿಡುವ ತನಕ ಕಾಯಿರಿ.

ಟ್ಯಾಂಕಿನ ಅಡಿಯ ಡ್ರೇನ್ ವಾಲ್ವನ್ನು ಕೆಲಸ ಮುಗಿದ ದಿನವೇ, ಸ್ವಲ್ಪ ಒತ್ತಡ ಉಳಿದಿರುವಾಗ ತೆರೆಯಿರಿ. ಬರುವ ನೀರಿನಲ್ಲಿ ಎಣ್ಣೆ ಬೆರೆತಿರುತ್ತದೆ, ಬಾವಿಕಟ್ಟೆಯ ಕಡೆ ಚೆಲ್ಲಬೇಡಿ. ನಿಂತ ನೀರು ಉಕ್ಕನ್ನು ಒಳಗಿನಿಂದಲೇ ತಿನ್ನುತ್ತದೆ. ಟ್ಯಾಂಕಿನ ಅಡಿಯಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ವೆಲ್ಡಿಂಗ್ ಮಾಡಿಸಿ ಮುಂದುವರಿಸಬೇಡಿ; ಸುತ್ತಲಿನ ತಗಡು ಎಷ್ಟು ಸವೆದಿದೆಯೆಂದು ಹೊರಗಿನಿಂದ ಕಾಣುವುದಿಲ್ಲ. ಆ ಟ್ಯಾಂಕನ್ನು ಗುಜರಿಗೆ ಹಾಕಿ.