ನೀರು ಹೇಳುವ ಸಾಕ್ಷಿ

ಒಂದು ಸಣ್ಣ ಪ್ರಯೋಗದಿಂದ ಶುರು ಮಾಡೋಣ. ಟಿಶ್ಯೂ ಕಾಗದದ ಮೇಲೆ ಒಂದು ಹನಿ ಶಾಯಿ ಬಿಡಿ. ಕಲೆ ದುಂಡಗೆ ಹರಡುತ್ತದೆ. ಒತ್ತಾಗಿ ಜೋಡಿಸಿದ ಒದ್ದೆ ಹತ್ತಿನೂಲಿನ ಮೇಲೆ ಬಿಡಿ. ಕಲೆ ಎಳೆಗುಂಟ ಉದ್ದಕ್ಕೆ ಓಡುತ್ತದೆ. ಎಳೆಗಳು ಕಾಣದಿದ್ದರೂ ಕಲೆಯ ಆಕಾರ ನೋಡಿ ಅವು ಯಾವ ಕಡೆಗಿವೆ ಎಂದು ಹೇಳಬಹುದು. ಡಿಫ್ಯೂಷನ್ ಎಂಆರ್‌ಐ ಮಾಡುವುದೂ ಇದನ್ನೇ. ಇಲ್ಲಿ ಶಾಯಿ ಬೇಕಿಲ್ಲ, ಮಿದುಳಿನಲ್ಲಿರುವ ನೀರೇ ಸಾಕು.

ನೀರಿನ ಅಣುಗಳು ಸದಾ ಚಲಿಸುತ್ತಿರುತ್ತವೆ. ದೇಹದ ಉಷ್ಣತೆಯಲ್ಲಿ, ತಡೆಯೇ ಇಲ್ಲದಿದ್ದರೆ, 50 ಮಿಲಿಸೆಕೆಂಡಿನಲ್ಲಿ ಒಂದು ದಿಕ್ಕಿಗೆ ಸುಮಾರು 17 ಮೈಕ್ರೊಮೀಟರ್ ಸರಿಯುತ್ತವೆ. ಮಿದುಳಿನಲ್ಲಿ ನರತಂತುಗಳ ಗೋಡೆ ಅಡ್ಡ ಬರುವುದರಿಂದ ತಂತುಗುಂಟ ಸರಿಯುವುದೇ ಸುಲಭ. ಸ್ಕ್ಯಾನರ್ ಮೊದಲು ಅಣುಗಳಿಗೆ ಕಾಂತಕ್ಷೇತ್ರದಿಂದ ಒಂದು ಗುರುತು ಹಾಕುತ್ತದೆ, ಕ್ಷಣ ಬಿಟ್ಟು ಅದನ್ನು ಅಳಿಸುತ್ತದೆ. ನಿಂತಲ್ಲೇ ನಿಂತ ಅಣುವಿನ ಗುರುತು ಪೂರ್ತಿ ಅಳಿಯುತ್ತದೆ. ಸರಿದ ಅಣುವಿನದು ಉಳಿದು, ಸಂಕೇತ ಮಂಕಾಗುತ್ತದೆ. ವಿಜ್ಞಾನಿಗಳಾದ ಸ್ಟೆಸ್ಕಲ್ ಮತ್ತು ಟ್ಯಾನರ್ 1965ರಲ್ಲಿ ಕೊಟ್ಟ ಉಪಾಯವಿದು. ಸಂಕೇತ ಹೆಚ್ಚು ಮಂಕಾದ ದಿಕ್ಕೇ ತಂತುವಿನ ದಿಕ್ಕು; ಆ ದಿಕ್ಕುಗಳನ್ನು ಜೋಡಿಸಿ ಕಂಪ್ಯೂಟರ್ ತಂತುಗಳ ಗೆರೆ ಎಳೆಯುತ್ತದೆ.

ತೊಡಕಿರುವುದು ಮುಂದೆ. ಸ್ಕ್ಯಾನರ್ ಅಳೆಯುವ ಒಂದೊಂದು ಘನದ ಬದಿ ಸುಮಾರು 2 ಮಿಲಿಮೀಟರ್. ತಂತುವಿನ ದಪ್ಪ ಮೈಕ್ರೊಮೀಟರ್ ಲೆಕ್ಕದ್ದು. ಒಂದು ಘನದೊಳಗೆ ಲಕ್ಷಗಟ್ಟಲೆ ತಂತುಗಳು. ಬೆಂಗಳೂರಿನ ಹೆಬ್ಬಾಳದ ಫ್ಲೈಓವರ್ ನೆನೆಸಿಕೊಳ್ಳಿ: ಯಲಹಂಕದಿಂದ ಮೇಖ್ರಿ ವೃತ್ತಕ್ಕೆ ಒಂದು ಸಾಲು, ರಿಂಗ್ ರಸ್ತೆಯಲ್ಲಿ ಇನ್ನೊಂದು. ಎಲ್ಲ ವಾಹನಗಳ ಸರಾಸರಿ ದಿಕ್ಕನ್ನಷ್ಟೇ ಕೊಟ್ಟರೆ, ನಾವು ಇಲ್ಲದ ರಸ್ತೆಯೊಂದನ್ನು ನಕ್ಷೆಯಲ್ಲಿ ಎಳೆದುಬಿಡುತ್ತೇವೆ. ತಂತುಗಳು ಒಂದನ್ನೊಂದು ದಾಟುವಲ್ಲಿ ಕಂಪ್ಯೂಟರ್ ಕೂಡ ಹೀಗೇ ಸುಳ್ಳು ಗೆರೆ ಎಳೆಯುತ್ತದೆ.

ಸುಳ್ಳು ಗೆರೆಗಳನ್ನು ಹೆಕ್ಕಿ ತೆಗೆಯುವ ಕೆಲಸ ನಮ್ಮ ಯಶವಂತಪುರದ ಪಕ್ಕದಲ್ಲೇ ನಡೆದಿದೆ. ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೇವರಾಜನ್ ಶ್ರೀಧರನ್ ಅವರ ತಂಡ 2022ರಲ್ಲಿ 'ರಿಯಲ್-ಲೈಫ್' ಎಂಬ ವಿಧಾನವನ್ನು ಪ್ರಕಟಿಸಿತು. ಪ್ರತಿ ಗೆರೆಗೂ ಅದು ಕೇಳುವುದು ಒಂದೇ: ಅಳೆದ ಸಂಕೇತವನ್ನು ವಿವರಿಸಲು ನೀನು ಬೇಕೇ? ಬೇಡವಾದ ಗೆರೆ ಹೊರಗೆ. ಲೆಕ್ಕವನ್ನು ಜಿಪಿಯು ಚಿಪ್‌ಗಳಿಗೆ ವಹಿಸಿದ್ದರಿಂದ ವೇಗ 150 ಪಟ್ಟಿಗೂ ಹೆಚ್ಚಾಯಿತು. ಗಂಟೆ, ದಿನಗಳ ಕೆಲಸ ನಿಮಿಷಗಳಿಗೆ ಇಳಿಯಿತು.

ಈ ವೇಗ ಏಕೆ ಬೇಕು? ಅದೇ ಆವರಣದ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳ 45 ದಾಟಿದವರ ಮಿದುಳಿನ ಆರೋಗ್ಯವನ್ನು ವರ್ಷಗಳಿಂದ ಗಮನಿಸುತ್ತಿದೆ. ಅದರಲ್ಲಿ ಎಂಆರ್‌ಐಯೂ ಇದೆ. ಇಂಥ ಅಧ್ಯಯನಗಳಲ್ಲಿ ಸ್ಕ್ಯಾನ್‌ಗಳು ರಾಶಿ ಬೀಳುತ್ತವೆ. ಮರೆವಿನ ಕಾಯಿಲೆಯ ಮೊದಲ ಸುಳಿವನ್ನು ಅಲ್ಲಿ ಹುಡುಕುವವರಿಗೆ, ಸವೆದದ್ದು ತಂತುವೋ ತಪ್ಪಿದ್ದು ಲೆಕ್ಕವೋ ಎಂಬುದು ಖಚಿತವಾಗಲೇಬೇಕು.

ಬಣ್ಣಬಣ್ಣದ ಎಳೆಗಳ ಮಿದುಳಿನ ಚಿತ್ರ ಕಂಡಾಗ ನೆನಪಿಡಿ: ಕೆಂಪು ಎಡ-ಬಲಕ್ಕೆ, ಹಸಿರು ಹಿಂದೆ-ಮುಂದೆ, ನೀಲಿ ಮೇಲೆ-ಕೆಳಗೆ. ಅದು ತಂತುಗಳ ಫೋಟೊ ಅಲ್ಲ, ನೀರಿನ ನಡೆಯಿಂದ ಮಾಡಿದ ಊಹೆ. ಆಮೇಲೆ ಕೇಳಿ: ಈ ಗೆರೆಗೆ ನೀರು ಸಾಕ್ಷಿ ಹೇಳುತ್ತದೆಯೇ?