ಗಾಳ ಹಿಡಿದು ಕಾಡಿನ ನದಿಗೆ: ಕಾಣಿಯೂರು ಸೀಮೆಯಿಂದ ಹೊರಡುವವರಿಗೆ

ಗಾಳದ ಹವ್ಯಾಸಿಗಳು ಇಂದಿಗೂ ಹೆಸರೆತ್ತುವ 'ದಿ ರಾಡ್ ಇನ್ ಇಂಡಿಯಾ' ಪುಸ್ತಕ ಮೊದಲು ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ, 1873ರಲ್ಲಿ. ಬರೆದವರು ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್. ಅದಕ್ಕೂ ಮೂರು ವರ್ಷ ಮೊದಲು ಈ ಜಿಲ್ಲೆಯ ಮೀನುಗಳ ಬಗ್ಗೆ ಅವರ ವರದಿಯೊಂದು ಪ್ರಕಟವಾಗಿತ್ತು. ಹೊಳೆಗೆ ವಿಷ ಹಾಕುವುದು, ಮರಿಮೀನನ್ನೂ ಬಿಡದೆ ಬಾಚುವುದು ಆಗಲೇ ಅವರ ಚಿಂತೆಯಾಗಿತ್ತು. ನೂರೈವತ್ತು ವರ್ಷದ ಮೇಲೂ ಆ ಚಿಂತೆ ಹಳತಾಗಿಲ್ಲ. ತೋಟೆ ಸಿಡಿಸಿ ಮೀನು ಹಿಡಿಯುವುದು, ನೀರಿಗೆ ವಿಷ ಬೆರೆಸುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ.

ಊರಿನಿಂದ ದೂರ, ಕಾಡಿನ ನಡುವೆ ನೀರಿನ ಪಕ್ಕದ ಗುಡಿಸಲಿನಲ್ಲಿ ನಾಲ್ಕು ದಿನ ಉಳಿದು ಗಾಳ ಹಾಕುವ ರಜೆಗೆ ಕೆನಡಾದಲ್ಲಿ ಪುಟ್ಟ ವಿಮಾನ ಹತ್ತಿ ಹೋಗುತ್ತಾರೆ. ಕರ್ನಾಟಕದಲ್ಲಿ ಅದರ ಹತ್ತಿರದ ರೂಪ ಕಾವೇರಿ ದಂಡೆಯ ಶಿಬಿರಗಳು. ಕಾಣಿಯೂರು, ಬೆಳ್ಳಾರೆ, ಕಡಬ, ಸುಳ್ಯದ ಕಡೆಯವರಿಗೆ ಇವು ದೂರವೇನಲ್ಲ. ಆದರೆ ಗಾಳ ಕೊಳ್ಳುವ ಮೊದಲು ತಿಳಿಯಬೇಕಾದ ಸಂಗತಿಗಳು ಸಾಕಷ್ಟಿವೆ.

ಮೊದಲು, ಎಲ್ಲಿ ಹಾಕಬಾರದು

ಕಾಣಿಯೂರಿನ ಸುತ್ತಲಿನವರಿಗೆ ಹೊಳೆ ಎಂದರೆ ಕುಮಾರಧಾರಾ. ಕುಮಾರಪರ್ವತದ ಮೇಲೆ ಹುಟ್ಟಿ, ಕುಕ್ಕೆ ಸುಬ್ರಹ್ಮಣ್ಯವನ್ನು ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವ ನದಿ. ಅದರ ಮೇಲ್ಭಾಗ ಪುಷ್ಪಗಿರಿ ವನ್ಯಜೀವಿಧಾಮಕ್ಕೆ ಸೇರಿದ್ದು. ಅಲ್ಲಿ ಗಾಳ, ಬಲೆ, ಕೂಳಿ ಯಾವುದಕ್ಕೂ ಅವಕಾಶವಿಲ್ಲ. ಅಭಯಾರಣ್ಯದ ಗಡಿ ಎಲ್ಲಿಂದ ಶುರು ಎಂಬುದನ್ನು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲೇ ಕೇಳಬೇಕು, ಚಾರಣಕ್ಕೆ ಹೋಗಿಬಂದವರ ಮಾತನ್ನು ನಂಬಿ ಹೊರಡಬಾರದು.

ಅಭಯಾರಣ್ಯದ ಹೊರಗೂ ಮುಟ್ಟಬಾರದ ನೀರು ಇದೆ. ಸುಳ್ಯ ತಾಲೂಕಿನ ತೊಡಿಕಾನ ಮಲ್ಲಿಕಾರ್ಜುನ ದೇವಸ್ಥಾನದ ಮತ್ಸ್ಯತೀರ್ಥ, ಸುಬ್ರಹ್ಮಣ್ಯ ಸಮೀಪದ ಏನೆಕಲ್ಲು, ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲಾ ಹೊಳೆ, ಈ ಮೂರೂ ಕಡೆ ಮೀನು ದೇವರದ್ದು. ತುಳುವರು ಪೆರುವೊಲು ಎಂದು ಕರೆಯುವ ಮಹಶೀರ್ ಶಿಶಿಲದಲ್ಲಿ ಭಕ್ತರು ಎಸೆದ ಅಕ್ಕಿ, ಮಂಡಕ್ಕಿಗೆ ಮೆಟ್ಟಿಲವರೆಗೆ ಬರುತ್ತದೆ. 1996ರಲ್ಲಿ ಯಾರೋ ಆ ನೀರಿಗೆ ವಿಷ ಹಾಕಿದರು, ಸಾವಿರಾರು ಮೀನುಗಳು ಸತ್ತವು. ಊರವರು ಸತ್ತ ಮೀನುಗಳಿಗಾಗಿ ಸ್ಮಾರಕ ಕಟ್ಟಿದರು. ಅದು ಇಂದಿಗೂ ಅಲ್ಲಿದೆ. ಗಾಳ ಕಲಿಯಲು ಹೊರಟ ಮಕ್ಕಳನ್ನು ಮೊದಲು ಶಿಶಿಲಕ್ಕೆ ಕರೆದೊಯ್ಯುವುದು ಒಳ್ಳೆಯದು. ಊರವರು ಗಾಳ, ಬಲೆ ಹಾಕದ ಗುಂಡಿಯಲ್ಲಿ ಮೀನು ಎಷ್ಟು ದೊಡ್ಡದಾಗಿ, ಎಷ್ಟು ನಿರ್ಭಯವಾಗಿ ಬೆಳೆಯುತ್ತದೆ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಉಳಿದ ಹೊಳೆಭಾಗಗಳಿಗೆ ರಾಜ್ಯದ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಅನ್ವಯಿಸುತ್ತದೆ. ಯಾವ ಭಾಗ ಗುತ್ತಿಗೆಗೆ ಹೋಗಿದೆ, ಎಲ್ಲಿ ಪರವಾನಗಿ ಬೇಕು ಎಂಬುದು ತಾಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಸಿಗುತ್ತದೆ. ಮುಂಗಾರಿನ ಮೊದಲ ಮಳೆಗೆ ಮೀನು ತೋಡು, ಗದ್ದೆಗೆ ಏರುವಾಗ ಹಿಡಿಯುವ ಉಬರಿನ ಸಂಭ್ರಮ ಈ ಸೀಮೆಯ ಎಲ್ಲರಿಗೂ ಗೊತ್ತು. ಏರುವ ಆ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತದೆ. ರಜೆಯ ಗಾಳವನ್ನಾದರೂ ಆ ತಿಂಗಳುಗಳಲ್ಲಿ ಅಟ್ಟದ ಮೇಲಿಡುವುದು ಸರಿ.

ಹತ್ತಿರದ ಶಿಬಿರ: ವಾಲ್ನೂರು

ಕಾಣಿಯೂರಿನಿಂದ ನಿಂತಿಕಲ್ಲು, ಬೆಳ್ಳಾರೆ, ಸುಳ್ಯ, ಸಂಪಾಜೆ, ಮಡಿಕೇರಿ ದಾಟಿ ಕುಶಾಲನಗರದ ಕಡೆಗೆ ಇಳಿದರೆ, ದುಬಾರೆ ಆನೆ ಶಿಬಿರದ ಆಸುಪಾಸಿನಲ್ಲಿ ವಾಲ್ನೂರು ಸಿಗುತ್ತದೆ. ಇಲ್ಲಿನ ಕಾವೇರಿಯ ಒಂದು ಭಾಗವನ್ನು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ನೋಡಿಕೊಳ್ಳುತ್ತ ಬಂದಿದೆ. ಗಾಳ ಹಾಕುವವರು ಸೊಸೈಟಿಯಿಂದ ದಿನದ ಲೆಕ್ಕದಲ್ಲಿ ಪರವಾನಗಿ ಪಡೆಯಬೇಕು. ಹಿಡಿದ ಮಹಶೀರನ್ನು ನೀರಿಗೇ ಬಿಡಬೇಕು. ದರ ಮತ್ತು ತೆರೆದಿರುವ ದಿನಗಳು ಬದಲಾಗುತ್ತಿರುವುದರಿಂದ ಮಡಿಕೇರಿಯಲ್ಲಿರುವ ಸೊಸೈಟಿಯನ್ನು ವಿಚಾರಿಸಿ, ಒಪ್ಪಿಗೆ ಕೈಗೆ ಬಂದ ಮೇಲೆಯೇ ರಜೆ ಹಾಕಬೇಕು.

ಮಳೆ ನಿಂತು ನೀರು ತಿಳಿಯಾದ ಮೇಲೆ, ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ತುಂಬಿರುತ್ತದೆ, ಸಂಪಾಜೆ ಘಾಟಿಯನ್ನೂ ನಂಬುವಂತಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದು ರಸ್ತೆ ಕಡಿದುಹೋದದ್ದನ್ನು ಸುಳ್ಯದವರು ಮರೆತಿಲ್ಲ.

ವಾಲ್ನೂರಿನಲ್ಲಿ ಮೀನಿಗಿಂತ ಮೊದಲು ಗಮನಿಸಬೇಕಾದದ್ದು ಆನೆ. ಕಾಫಿ ತೋಟದ ಅಂಚಿನಲ್ಲಿ, ಹೊಳೆ ದಾಟುವ ಜಾಗಗಳಲ್ಲಿ ಕಾಡಾನೆಗಳು ಓಡಾಡುತ್ತವೆ. ಬೆಳಗು ಪೂರ್ತಿ ಹರಿಯುವ ಮೊದಲು ಮತ್ತು ಕತ್ತಲಾದ ಮೇಲೆ ದಂಡೆಯಲ್ಲಿ ಒಬ್ಬರೇ ಇರಬಾರದು. ಸ್ಥಳೀಯ ಸಹಾಯಕರು ಏಳಿ ಎಂದರೆ ಮೀನು ಎಳೆಯುತ್ತಿದ್ದರೂ ಏಳಬೇಕು. ಮೇಲೆ ಮಳೆಯಾದರೆ ನೀರು ಬೇಗ ಏರುತ್ತದೆ, ಆದ್ದರಿಂದ ನಡುಹೊಳೆಯ ಬಂಡೆಯ ಮೇಲೆ ಕೂರುವಾಗ ದಡಕ್ಕೆ ವಾಪಸಾಗುವ ದಾರಿ ಕಣ್ಣಳತೆಯಲ್ಲಿರಲಿ.

ಭೀಮೇಶ್ವರಿ: ಇಂದು ಏನಿದೆ, ಏನಿಲ್ಲ

ಗಾಳದ ರಜೆ ಎಂದಾಗ ಹಳಬರು ಹೇಳುವ ಹೆಸರು ಭೀಮೇಶ್ವರಿ. ಮಳವಳ್ಳಿ ತಾಲೂಕಿನ ಕಾವೇರಿ ದಂಡೆಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ನಡೆಸುತ್ತಿದ್ದ ಫಿಶಿಂಗ್ ಕ್ಯಾಂಪ್, ಅದೇ ನದಿಯ ದೊಡ್ಡಮಾಕಳಿ, ಗಾಳಿಬೋರೆ ಶಿಬಿರಗಳು ವಿದೇಶದ ಗಾಳಗಾರರನ್ನೂ ಸೆಳೆದವು. 1977ರಲ್ಲಿ ಮೂವರು ಇಂಗ್ಲಿಷ್ ತರುಣರು ಮಹಶೀರನ್ನು ಹುಡುಕಿಕೊಂಡು ಭಾರತಕ್ಕೆ ಬಂದು, ಕಾವೇರಿಯಲ್ಲಿ ದೊಡ್ಡ ಮೀನು ಇನ್ನೂ ಇದೆ ಎಂದು ತೋರಿಸಿಕೊಟ್ಟ ಮೇಲೆ ಈ ನದಿಯ ಹೆಸರು ಮತ್ತೆ ಹಬ್ಬಿತು. 1972ರಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಶನ್ ಆಫ್ ಸೌತ್ ಇಂಡಿಯಾ ನದಿಯ ಒಂದು ಭಾಗಕ್ಕೆ ಕಾವಲಿಟ್ಟಿತು. ಮೊದಲು ಕದ್ದು ಮೀನು ಹಿಡಿಯುತ್ತಿದ್ದವರೇ ಕಾವಲುಗಾರರಾಗಿ, ಮಾರ್ಗದರ್ಶಕರಾಗಿ ಸಂಬಳಕ್ಕೆ ಬಂದರು. ಅತಿಥಿಗಳನ್ನು ಹರಿಗೋಲಿನಲ್ಲಿ ಕೂರಿಸಿ, ಬೇಯಿಸಿ ನಾದಿದ ರಾಗಿ ಉಂಡೆಯನ್ನು ಗಾಳಕ್ಕೆ ಮೆತ್ತಿ ಮಡುವಿಗೆ ಎಸೆಯಿಸುತ್ತಿದ್ದವರು ಅವರೇ.

ಈ ಪ್ರದೇಶ ಕಾವೇರಿ ವನ್ಯಜೀವಿಧಾಮದೊಳಗೆ ಇರುವುದರಿಂದ 2012ರ ಹೊತ್ತಿಗೆ ಅಲ್ಲಿ ಗಾಳ ನಿಂತಿತು. ಗಾಳದವರು ಹೋದ ಮೇಲೆ ಕಾವಲೂ ತೆಳುವಾಯಿತು ಎಂಬ ಕೊರಗು ಒಂದು ಕಡೆ. ಅಭಯಾರಣ್ಯದಲ್ಲಿ ಮನುಷ್ಯನ ಆಟಕ್ಕಾಗಿ ಪ್ರಾಣಿಗೆ ನೋವಾಗಬಾರದು ಎಂಬ ವಾದ ಇನ್ನೊಂದು ಕಡೆ. ಎರಡರಲ್ಲೂ ತೂಕವಿದೆ. ಪ್ರವಾಸಿಗರ ಮಟ್ಟಿಗೆ ವಿಷಯ ಸರಳ: ಭೀಮೇಶ್ವರಿ, ಗಾಳಿಬೋರೆಗೆ ಇಂದು ಗಾಳ ಒಯ್ಯುವಂತಿಲ್ಲ. ಹಳೆಯ ಫೋಟೊ ತೋರಿಸಿ "ಒಳಗೆ ವ್ಯವಸ್ಥೆ ಮಾಡಿಕೊಡುತ್ತೇವೆ" ಎನ್ನುವ ಮಧ್ಯವರ್ತಿಗೆ ದುಡ್ಡು ಕೊಟ್ಟರೆ ಸಿಗುವುದು ವನ್ಯಜೀವಿ ಕಾಯ್ದೆಯ ಮೊಕದ್ದಮೆ.

ಗಾಳವಿಲ್ಲದೆಯೂ ಹೋಗಬಹುದು. ಮೈಸೂರು, ಮಳವಳ್ಳಿ, ಹಲಗೂರು ಮಾರ್ಗವಾಗಿ ತಲುಪಿದರೆ ಮರದ ಗುಡಿಸಲು, ಡೇರೆ, ಹರಿಗೋಲು, ನೀರುನಾಯಿ, ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆ, ದಂಡೆಯ ಮರಗಳಲ್ಲಿ ನರೆ ಅಳಿಲು ಎಲ್ಲವೂ ಇವೆ. ಮೊಸಳೆ ಇದೆ ಎಂದ ಮೇಲೆ ಈಜಬಾರದು ಎಂದು ಬೇರೆ ಹೇಳಬೇಕಿಲ್ಲ.

ಸಾಮಾನು ಮತ್ತು ಎರೆ

ಹೊಳೆಯ ಮಹಶೀರ್ ಗಾಳಕ್ಕೆ ಸಿಕ್ಕಿದೊಡನೆ ಹರಿವಿನ ಜೊತೆ ಕೆಳಕ್ಕೆ ಒಂದೇ ಉಸಿರಿನಲ್ಲಿ ಓಡುತ್ತದೆ. ಆ ಮೊದಲ ಓಟಕ್ಕೆ ತಕ್ಕ ಸಾಮಾನು ಬೇಕು. ಎಂಟರಿಂದ ಹತ್ತು ಅಡಿಯ ಗಟ್ಟಿ ಕೋಲು, ಕನಿಷ್ಠ 200 ಮೀಟರ್ ದಾರ ಹಿಡಿಯುವ ರೀಲು, 25ರಿಂದ 40 ಪೌಂಡ್ ಎಳೆತ ತಡೆಯುವ ದಾರ. ದಾರ ತೆಳುವಾಗಿದ್ದರೆ ಮೀನು ಗೆದ್ದು ಹೋಯಿತು ಎಂದು ನಗುವ ಹಾಗಿಲ್ಲ. ಕಡಿದ ದಾರದ ತುದಿಯ ಕೊಕ್ಕೆ ಅದರ ಬಾಯಲ್ಲೇ ಉಳಿಯುತ್ತದೆ.

ಕೊಕ್ಕೆ ಒಂಟಿಯಾಗಿರಲಿ, ಮೂರು ಮೊನೆಯದ್ದು ಬೇಡ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು. ದಾರ ಬಿಗಿಯಾಗಿಟ್ಟರೆ ಮೀನು ತಪ್ಪುವುದಿಲ್ಲ, ಬಿಡಿಸುವಾಗ ಬಾಯಿ ಹರಿಯುವುದಿಲ್ಲ. ಇಡೀ ತಯಾರಿಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಮುಖ್ಯ ಕೆಲಸ ಇದೇ.

ಎರೆಗೆ ರಾಗಿ ಉಂಡೆಯನ್ನು ಮೀರಿಸಿದ್ದು ಕಡಿಮೆ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ನೀರಿನಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಮತ್ತೆ ನಾದಬೇಕು. ಸರಿಯಾಗಿ ನಾದಿದ್ದು ರಭಸದ ನೀರಿನಲ್ಲೂ ಕರಗದೆ ನಿಲ್ಲುತ್ತದೆ. ಪರವಾನಗಿ ಕೊಡುವವರು ಹೊಳೆಯ ಏಡಿ, ಸಣ್ಣ ಮೀನು ಬಳಸಬಾರದು ಎಂದರೆ ಬಳಸಬಾರದು. ಲೋಹದ ಚಮಚೆಯಂಥ ಕೃತಕ ಎರೆಯನ್ನು ಎಸೆದು ಸೆಳೆಯುವುದು ಇನ್ನೊಂದು ವಿಧಾನ. ಅದು ಬಂಡೆಗಳ ನಡುವೆ ಸಿಕ್ಕಿಕೊಳ್ಳುವುದೇ ಹೆಚ್ಚು.

ಮೀನು ದಡಕ್ಕೆ ಬಂದಾಗ

ಬಿಡುವುದಕ್ಕೆ ಹಿಡಿದ ಮೀನು ಬದುಕುತ್ತದೆಯೇ ಎಂಬುದು ಕೊನೆಯ ಎರಡು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಕೈ ಒದ್ದೆ ಮಾಡಿಕೊಳ್ಳಬೇಕು, ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬಂದು ರೋಗಕ್ಕೆ ದಾರಿಯಾಗುತ್ತದೆ. ಬಂಡೆ, ಮರಳಿನ ಮೇಲೆ ಎಳೆಯಬಾರದು. ಕಿವಿರಿನೊಳಗೆ ಬೆರಳು ಹಾಕಬಾರದು. ಗಂಟಲೊಳಗೆ ಬೆರಳು ಹಾಕಿದರೆ ಕೈಗೇ ಅಪಾಯ: ಮಹಶೀರಿನ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಏಡಿ, ಬಸವನಹುಳುವಿನ ಚಿಪ್ಪನ್ನು ಅದು ಪುಡಿ ಮಾಡುವುದು ಅಲ್ಲಿಯೇ.

ಕೊಕ್ಕೆಯನ್ನು ನೀರಿನೊಳಗೇ ಬಿಡಿಸುವುದು ಉತ್ತಮ. ಫೋಟೊ ಬೇಕಿದ್ದರೆ ಕ್ಯಾಮೆರಾ ಸಿದ್ಧವಾದ ಮೇಲೆ ಮಾತ್ರ ಎರಡೂ ಕೈಯಲ್ಲಿ ಅಡ್ಡವಾಗಿ ಎತ್ತಿ, ಕೆಲವೇ ಸೆಕೆಂಡಿನಲ್ಲಿ ಇಳಿಸಬೇಕು. ಆಮೇಲೆ ತಲೆ ಹರಿವಿಗೆ ಎದುರಾಗಿರುವಂತೆ ಹೊಟ್ಟೆಯಡಿ ಕೈ ಕೊಟ್ಟು ಕಾಯಬೇಕು. ಬಾಲ ಬೀಸಿ ತಾನಾಗಿ ಹೊರಡುವವರೆಗೆ ಕೈ ತೆಗೆಯಬಾರದು.

ಮಕ್ಕಳು ಕೆನಡಾದಲ್ಲಿದ್ದರೆ

ಪುತ್ತೂರು, ಸುಳ್ಯದ ಮನೆಗಳಿಂದ ಟೊರೊಂಟೊಗೆ ಮಕ್ಕಳನ್ನು ನೋಡಲು ಹೋಗುವ ಹಿರಿಯರು ಈಗ ಕಡಿಮೆಯಿಲ್ಲ. ಅಲ್ಲಿ ಬೇಸಿಗೆಯಲ್ಲಿ ಒಂಟಾರಿಯೊದ ಉತ್ತರದ ಹರ್ಸ್ಟ್, ನಕೀನಾ, ರೆಡ್ ಲೇಕ್‌ನಂಥ ಊರುಗಳಿಂದ ನೀರಿನ ಮೇಲಿಳಿಯುವ ವಿಮಾನಗಳು ರಸ್ತೆಯೇ ಇಲ್ಲದ ಸರೋವರಗಳಿಗೆ ಹಾರುತ್ತವೆ. 1947ರಲ್ಲಿ ಮೊದಲು ಹಾರಿದ ಡಿ ಹ್ಯಾವಿಲೆಂಡ್ ಬೀವರ್ ಇಂದಿಗೂ ಅಲ್ಲಿನ ದುಡಿಮೆಯ ವಿಮಾನ. ನಾಲ್ಕೈದು ಜನರನ್ನೂ ಅವರ ಗಂಟುಮೂಟೆಯನ್ನೂ ಇಳಿಸಿ ಹೋದರೆ, ಗೊತ್ತಾದ ದಿನ ವಾಪಸ್ ಬರುತ್ತದೆ. ಗುಡಿಸಲು, ದೋಣಿ, ಎಂಜಿನ್, ಅಡುಗೆ ಒಲೆ ಅವರದ್ದು. ಊಟದ ಸಾಮಾನು ಸಾಮಾನ್ಯವಾಗಿ ಹೋಗುವವರದ್ದು.

ತಲೆಗೆ ಇಷ್ಟೇ ತೂಕ ಎಂಬ ಮಿತಿ ಇರುತ್ತದೆ. ಆದ್ದರಿಂದ ಗಟ್ಟಿ ಸೂಟ್‌ಕೇಸು ಬಿಟ್ಟು ಮೆತ್ತನೆಯ ಚೀಲ ಒಯ್ಯಬೇಕು. ಬೇಯಲು ಹೊತ್ತು ಹಿಡಿಯುವ ಕುಚ್ಚಲಕ್ಕಿಗಿಂತ ಅವಲಕ್ಕಿ, ಬೆಳ್ತಿಗೆ ಅಕ್ಕಿ, ಉಪ್ಪಿನಕಾಯಿ ವಾಸಿ. ವಯಸ್ಕ ಪ್ರವಾಸಿಗರಿಗೆ ಒಂಟಾರಿಯೊ ಸರ್ಕಾರದ ಮೀನು ಪರವಾನಗಿ ಕಡ್ಡಾಯ. ಕಡಿಮೆ ಮೀನು ಇಟ್ಟುಕೊಳ್ಳುವವರಿಗೆ ಅಗ್ಗದ ಸಂರಕ್ಷಣಾ ಪರವಾನಗಿಯೂ ಇದೆ. ಮೇ ಕೊನೆಯಿಂದ ಜೂನ್‌ವರೆಗೆ ಕಚ್ಚುವ ಕಪ್ಪು ನೊಣಗಳ ಕಾಟವಿರುತ್ತದೆ, ಮುಖದ ಬಲೆ ಬೇಕು. ಉಳಿದ ಊಟ, ಮೀನಿನ ಕರುಳನ್ನು ಗುಡಿಸಲ ಬಳಿ ಚೆಲ್ಲಿದರೆ ಕರಡಿ ಬರುತ್ತದೆ. ಮೊಬೈಲ್ ಸಿಗ್ನಲ್ ಇರದ ಕಾರಣ ಉಪಗ್ರಹ ಫೋನು ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಬೇಕು. ರಕ್ತದೊತ್ತಡ, ಮಧುಮೇಹದ ಮಾತ್ರೆಗಳನ್ನು ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಮಂಜು ಕವಿದರೆ ಈ ವಿಮಾನ ಹಾರುವುದಿಲ್ಲ, ಹಾಗಾಗಿ ಭಾರತಕ್ಕೆ ಮರಳುವ ಟಿಕೆಟನ್ನು ಮರುದಿನಕ್ಕೇ ಇಡಬಾರದು.

ಒಂದು ನೋಟ್‌ಬುಕ್

ಸಾಮಾನಿನ ಜೊತೆ ಒಂದು ಪುಸ್ತಕ, ಒಂದು ಪೆನ್ಸಿಲ್ ಇರಲಿ. ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳದವರು ಹಿಡಿದ ಮೀನಿನ ಲೆಕ್ಕ ಬರೆದಿಟ್ಟಿದ್ದರು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಆ ಪುಸ್ತಕಗಳನ್ನು ಓದಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಆತಂಕದ ಸಂಗತಿ ಹೊರಗೆಡವಿತು. ಒಟ್ಟು ಮೀನು ಹೆಚ್ಚುತ್ತಿದ್ದರೂ ಕಾವೇರಿಯದ್ದೇ ಆದ ಗೂನುಬೆನ್ನಿನ ಮಹಶೀರ್ ಮರೆಯಾಗುತ್ತಿತ್ತು. ಅದರ ಜಾಗವನ್ನು ಲೋಣಾವಳದ ಮರಿ ಕೇಂದ್ರದಲ್ಲಿ ಬೆಳೆಸಿ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಆಕ್ರಮಿಸಿತ್ತು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಹಿಡಿದ 120 ಪೌಂಡಿನ ದಾಖಲೆಯ ಮೀನು ಈ ಗೂನುಬೆನ್ನಿನ ಬಳಗದ್ದೇ. 2018ರಲ್ಲಿ ಅದಕ್ಕೆ ಟೋರ್ ರೆಮದೇವಿ ಎಂಬ ಶಾಸ್ತ್ರೀಯ ಹೆಸರು ಖಚಿತವಾಯಿತು, ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ಆದ್ದರಿಂದ ವಾಲ್ನೂರಿನಲ್ಲಾಗಲಿ, ಪರವಾನಗಿ ಸಿಕ್ಕ ಬೇರೆ ನೀರಿನಲ್ಲಾಗಲಿ, ಹಿಡಿದ ಪ್ರತಿ ಮೀನಿಗೂ ಒಂದು ಸಾಲು ಬರೆಯಬೇಕು: ದಿನ, ಹೊತ್ತು, ಮಡುವಿನ ಹೆಸರು, ಎರೆ, ಮೂತಿಯಿಂದ ಬಾಲದ ಕವಲಿನವರೆಗಿನ ಉದ್ದ, ರೆಕ್ಕೆಯ ಬಣ್ಣ, ಬಿಟ್ಟಾಗ ಚೆನ್ನಾಗಿ ಈಜಿತೇ ಇಲ್ಲವೇ. ಏನೂ ಸಿಗದ ದಿನವನ್ನೂ, ಎಷ್ಟು ಗಂಟೆ ಕೂತದ್ದೆಂಬುದನ್ನೂ ಬರೆಯಬೇಕು, ಅದಿಲ್ಲದೆ ಲೆಕ್ಕ ಪೂರ್ತಿಯಾಗುವುದಿಲ್ಲ. ಹೊರಡುವಾಗ ಆ ಹಾಳೆಗಳ ನಕಲನ್ನು ಪರವಾನಗಿ ಕೊಟ್ಟವರಿಗೆ ಒಪ್ಪಿಸಬೇಕು.