ಬಿಟ್ಟುಕೊಡಬೇಕಾದವರು ಯಾರು?

ಪ್ರಶ್ನೆ: ನಮ್ಮ ಸಭೆಯಲ್ಲಿ ಜಗಳ ಎದ್ದಾಗಲೆಲ್ಲ ಪಾಸ್ಟರು ‘ನಿಮ್ಮದನ್ನು ಬಿಡಿ, ಎದುರಿನವರದ್ದನ್ನು ನೋಡಿ’ ಅನ್ನುತ್ತಾರೆ. ಕೇಳಲು ಚೆಂದ. ಆದರೆ ಹಾಗೆ ಮಾಡಿ ಎಲ್ಲಾದರೂ ಸಭೆಗಳು ಒಂದಾದದ್ದುಂಟೆ?

ಉತ್ತರ: ಉಂಟು. ನಿಮ್ಮ ಚರ್ಚಿನ ಬೋರ್ಡಿನಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂದಿದ್ದರೆ ನೀವು ಆ ಕತೆಯ ಒಳಗೇ ಕೂತಿದ್ದೀರಿ.

1919ರಲ್ಲಿ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ ಕೆಲವರು ಸೇರಿ ಮಾತು ಶುರುಮಾಡಿದರು. ಹೆಚ್ಚಿನವರು ಭಾರತೀಯರೇ. ಅವರ ದೂರು ಸರಳ: ಆಂಗ್ಲಿಕನ್, ಪ್ರೆಸ್ಬಿಟೇರಿಯನ್ ಎಂಬ ಒಡಕುಗಳು ಯುರೋಪಿನ ಜಗಳದವು, ಅದರ ಬಾಕಿಯನ್ನು ನಾವೇಕೆ ತೀರಿಸಬೇಕು? ಒಪ್ಪಂದಕ್ಕೆ ಹಿಡಿದದ್ದು 28 ವರ್ಷ. ಮುಂದಾಳಾಗಿದ್ದ ದೋರ್ನಕಲ್‌ನ ಬಿಷಪ್ ಅಜರಯ್ಯ 1945ರ ಜನವರಿ 1ರಂದೇ ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ನಡೆದ ಐಕ್ಯವನ್ನು ಅವರು ನೋಡಲಿಲ್ಲ.

ಕಗ್ಗಂಟಾಗಿದ್ದದ್ದು ಬಿಷಪ್ಪರ ವಿಷಯ. ಬಿಷಪ್ ತಲೆಯ ಮೇಲೆ ಕೈಯಿಡದೆ ದೀಕ್ಷೆಯೇ ಇಲ್ಲ ಎಂಬುದು ಆಂಗ್ಲಿಕನ್ನರ ನಂಬಿಕೆ. ಬಿಷಪ್ಪರೇ ಬೇಡ ಎಂದು ಹೊರಬಂದ ಪರಂಪರೆಯವರು ಇನ್ನೊಂದು ಕಡೆ. ಕೊನೆಗೆ ಇವರು ಬಿಷಪ್ಪರನ್ನು ಒಪ್ಪಿಕೊಂಡರು. ಆಂಗ್ಲಿಕನ್ನರು ಇವರ ಪಾಸ್ಟರುಗಳನ್ನು ಮತ್ತೆ ದೀಕ್ಷೆ ಕೊಡದೆ ಹಾಗೆಯೇ ಸ್ವೀಕರಿಸಿದರು. ಇಂಗ್ಲೆಂಡಿನಲ್ಲಿ ಇದಕ್ಕೆ ಗದ್ದಲವೋ ಗದ್ದಲ. ಕವಿ ಟಿ.ಎಸ್. ಎಲಿಯಟ್ 1943ರಲ್ಲಿ ಈ ಯೋಜನೆಯ ವಿರುದ್ಧ ಒಂದು ಕಿರುಹೊತ್ತಗೆಯನ್ನೇ ಬರೆದ!

ನನಗೆ ಇದೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಐಕ್ಯ ಸಭೆಯ ಸಂವಿಧಾನದಲ್ಲಿ ಅವರು ಬರೆದಿಟ್ಟ ಒಂದು ಮಾತು. ರೂಢಿಯಿಲ್ಲದ ಆರಾಧನಾ ಕ್ರಮವನ್ನಾಗಲಿ ಪಾಸ್ಟರನ್ನಾಗಲಿ, ಮನಸ್ಸಾಕ್ಷಿ ಒಪ್ಪದ ಯಾವ ಸಭೆಯ ಮೇಲೂ ಹೇರುವುದಿಲ್ಲ ಎಂಬ ವಾಗ್ದಾನ ಅದು. ಎಲ್ಲೋ ಹಳ್ಳಿಯ ಮೂವತ್ತು ಜನರ ಸಭೆ ‘ನಮಗೆ ಬೇಡ’ ಎಂದರೆ ಬಿಷಪ್ಪರೂ ಹಿಂದೆ ಸರಿಯಬೇಕು. ನಿಮ್ಮ ಪಾಸ್ಟರಿಗೆ ನಾನು ಹೇಳಬೇಕಾದದ್ದೂ ಇಷ್ಟೇ. ‘ನಿಮ್ಮದನ್ನು ಬಿಡಿ’ ಎಂಬ ಉಪದೇಶ ಸಾಮಾನ್ಯವಾಗಿ ಹಿಂದಿನ ಬೆಂಚಿನವರಿಗೆ, ಹೆಂಗಸರಿಗೆ, ಹೊಸದಾಗಿ ಸೇರಿದವರಿಗೆ ಆಗುತ್ತದೆ. ಆದರೆ ಆ ಐಕ್ಯದಲ್ಲಿ ಮೊದಲು ತಮ್ಮ ಕೈ ಕಟ್ಟಿಹಾಕಿಕೊಂಡದ್ದು ಹೇರುವ ಬಲ ಇದ್ದವರು.

ಹಾಗೆಂದು ಎಲ್ಲರೂ ಒಳಗೆ ಬರಲಿಲ್ಲ. ನಂದ್ಯಾಲದ ಕಡೆಯ ಎಷ್ಟೋ ಆಂಗ್ಲಿಕನ್ ಸಭೆಗಳು ದಶಕಗಳ ಕಾಲ ಹೊರಗೇ ಉಳಿದವು. ಸೇರಿದವರೂ ದೇವದೂತರಾಗಲಿಲ್ಲ, ಆಸ್ತಿಯ ಕೇಸುಗಳು ಕೋರ್ಟಿನಲ್ಲಿರುವುದು ನಿಮಗೂ ಗೊತ್ತು.

1950ರಲ್ಲಿ ಬಂದ ಕರ್ತನ ಭೋಜನದ ಹೊಸ ಕ್ರಮದಲ್ಲಿ ‘ಸಮಾಧಾನ’ ಕೊಡುವ ಪದ್ಧತಿ ಇದೆಯಲ್ಲ, ಮುಂದಿನ ಸಲ ಅದನ್ನು ಗಮನಿಸಿ ನೋಡಿ. ಪಾಸ್ಟರು ಅದನ್ನು ಜೊತೆಯಲ್ಲಿ ಸೇವೆಗೆ ನಿಂತವರಿಗೆ ಕೊಡುತ್ತಾರೆ, ಅವರಿಂದ ಅದು ಬೆಂಚಿನಿಂದ ಬೆಂಚಿಗೆ ಸಾಗುತ್ತದೆ. ಬಲಅಂಗೈಗೆ ಬಲಅಂಗೈ, ಎದುರಿನವರ ಆ ಕೈಯ ಮೇಲೆ ನಮ್ಮ ಎಡಗೈ. ಆಂಗ್ಲಿಕನ್ನರದ್ದಲ್ಲ ಅದು, ಐಕ್ಯಕ್ಕೆ ಸೇರಿದ ಮೆಥಡಿಸ್ಟರದ್ದೂ ಅಲ್ಲ. ಕೇರಳದ ಸಿರಿಯನ್ ಕ್ರೈಸ್ತರಿಂದ ಪಡೆದದ್ದು. ಅವರ ಸಭೆಗಳು ಈ ಐಕ್ಯಕ್ಕೆ ಸೇರಿರಲೇ ಇಲ್ಲ.